ಎಡಗೈ ಗ್ಲೌಸು

ಬೈಕಂಪಾಡಿಯಲ್ಲಿ ನನ್ನದು ಸ್ಟೋರಿನ ಕೆಲಸ.
ಕಿಟಕಿಗೆ ಜಾಲರಿ, ಜಾಲರಿಯಲ್ಲೊಂದು ಕೈ ತೂರುವಷ್ಟು ಕಂಡಿ.
ಹತ್ತೊಂಬತ್ತು ವರ್ಷ ನಾನು ಕಂಡದ್ದು
ಕೈಗಳನ್ನೇ ಹೆಚ್ಚು, ಮುಖ ಕಡಿಮೆ.

ಪ್ರೆಸ್ಸಿನ ವಾಮನಣ್ಣನ ಕೈಗೆ ಗ್ರಾಫೈಟಿನ ಕಪ್ಪು.
ಡೈ ತೊಳೆಯುವ ಇದಿನಬ್ಬರ ಕೈ ಕಾಸ್ಟಿಕ್ಕಿಗೆ ಬೆಂದು
ಒಣಗಿದ ಬಾಳೆದಿಂಡಿನ ಹಾಗೆ ಪದರ ಪದರ.
ಗರಗಸದ ಹುಡುಗರ ರೋಮದಲ್ಲಿ ಬೆಳ್ಳಿಯ ಚೂರು.
ಹೊಸಬರನ್ನು ಗುರುತಿಸಲು ಅಂಗೈ ಸಾಕು,
ಇನ್ನೂ ಗೆರೆಗಳಿರುತ್ತವೆ.

ಅವರಿಗೆ ವಾಮನಣ್ಣನ ಮೊದಲ ಪಾಠ:
"ಕಬ್ಬಿಣ ಒಳ್ಳೆಯದು ಮಾರಾಯ, ಬಿಸಿಯಾದರೆ ಕೆಂಪಾಗಿ ಹೇಳ್ತದೆ.
ಇದು ಹೇಳುವುದಿಲ್ಲ.
ನಾನೂರೈವತ್ತು ಡಿಗ್ರಿಯಲ್ಲೂ ಅದೇ ಮುಖ,
ತೊಳೆದು ಕವುಚಿಟ್ಟ ತಟ್ಟೆಯ ಹಾಗೆ.
ನೀರುದೋಸೆಯ ಕಾವಲಿಗೆ ನೀರು ಚಿಮುಕಿಸಿ ನೋಡುವುದಿಲ್ಲವಾ?
ಇಲ್ಲಿ ಚಿಮುಕಿಸಲಿಕ್ಕೆ ಪುರುಸೊತ್ತಿಲ್ಲ."

ಸೇಮಿಗೆ ಒತ್ತಿದ ಹಾಗೆ ಡೈಯಿಂದ ಬರುತ್ತದೆ
ಯಾರದೋ ಫ್ಲಾಟಿನ ಕಿಟಕಿಚೌಕಟ್ಟು, ನಲವತ್ತು ಮೀಟರು.
ತುದಿ ಹಿಡಿದು ದಾರಿ ತೋರಿಸುವುದು ಬಲಗೈ.
ಹಾಗಾಗಿ ಮೊದಲು ಸುಡುವುದೂ ಬಲದ ಗ್ಲೌಸು,
ಹೆಬ್ಬೆರಳಿನ ಬುಡದಲ್ಲಿ.
ಎಡದ್ದು ಹೊಸದರ ಹಾಗೆಯೇ ವಾಪಸು ಬರುತ್ತದೆ.
ಕಪಾಟಿನ ಮೇಲಿನ ಪೆಟ್ಟಿಗೆಯಲ್ಲಿ
ನೂರಾ ಮೂವತ್ತೆಂಟು ಎಡಗೈ.

ಬಲದ್ದು ಮಾತ್ರ ಕಳಿಸಿ ಎಂದು ಎರಡು ಸಲ ಬರೆದೆ.
ಗ್ಲೌಸು ಜೋಡಿಯಾಗಿಯೇ ಬರುವುದು ಎಂದು ಉತ್ತರ.
ತಲೆಗೆ ತಿಂಗಳಿಗೊಂದು ಜೋಡಿ.

ಉಪಾಯ ನನ್ನದೇ.
ಎಡದ್ದನ್ನು ಒಳಹೊರಗು ತಿರುಗಿಸಿದರೆ ಬಲದ್ದಾಗುತ್ತದೆ.
ಮಗಳ ಶಾಲೆಯ ಲಂಗದ ಅಂಚು ಬಿಚ್ಚಿ ಬಿಚ್ಚಿ
ನಾಲ್ಕು ವರ್ಷ ದೂಡಿದವಳು ನಾನು,
ಒಳ್ಳೆಯ ಚರ್ಮ ಸುಮ್ಮನೆ ಬಿದ್ದಿರುವುದು ಕಂಡರೆ ಆಗದು.
ಹುಡುಗರು ನಕ್ಕರು, ಹಾಕಿಕೊಂಡರು.
"ಹಿಲ್ಡಾ ಬಾಯಿಗೆ ತಲೆ ಉಂಟು" ಎಂದರು.
ಮ್ಯಾನೇಜರು ಕ್ರಿಸ್‌ಮಸ್ಸಿಗೆ ಕುಕ್ಕರ್ ಕೊಟ್ಟರು.
ಹೊಲಿಗೆ ಹೊರಗೆ ಬಂತು, ನೂಲಿನ ತುದಿ ಹೊರಗೆ ಬಂತು.
ಅಷ್ಟೇ ವ್ಯತ್ಯಾಸ.

ನಿರಾಕಾರ ಬೆಹೆರಾ. ಬ್ರಹ್ಮಪುರದ ಕಡೆಯವ.
ಹೆಸರು ಬರೆಯುವಾಗಲೆಲ್ಲ ನಗು ಬರುತ್ತಿತ್ತು,
ಎಲ್ಲದಕ್ಕೂ ಆಕಾರ ಒತ್ತುವ ಜಾಗದಲ್ಲಿ ಇವನೊಬ್ಬ.
ನನ್ನನ್ನು ಮಾವುಸಿ ಎನ್ನುತ್ತಿದ್ದ.
ಕೊಂಕಣಿಯಲ್ಲೂ ಅದೇ ಎಂದು ಅವನಿಗೆ ಗೊತ್ತಿರಲಿಲ್ಲ,
ನಾನೂ ಹೇಳಿರಲಿಲ್ಲ.

ಸ್ಟ್ರೆಚರ್ ಎಂದರೆ ಎರಡು ದವಡೆ.
ಸೊಟ್ಟ ಬಂದದ್ದನ್ನು ಎರಡೂ ತುದಿ ಕಚ್ಚಿ ಎಳೆದು ನೇರ ಮಾಡುತ್ತದೆ.
ಈಚೆಯವನ ಕೂಗು ಕೇಳಿ ಆಚೆಯವನು ಬಟನ್ ಒತ್ತಬೇಕು.
ಗುರುವಾರ, ಎರಡನೇ ಪಾಳಿ, ಮೂರು ದಾಟಿತ್ತು.
ನೂಲು ದವಡೆಯ ಹಲ್ಲಿಗೆ ಸಿಕ್ಕಿತು.
ಫ್ಯಾನುಗಳ ಸದ್ದಿನಲ್ಲಿ
ಹಾಂ ಎಂದರೂ ನಾ ಎಂದರೂ ಒಂದೇ.

ನಾಲ್ಕು ಬೆರಳು. ಹೆಬ್ಬೆರಳು ಉಳಿಯಿತು.

ಅಪಘಾತದ ಪುಸ್ತಕದಲ್ಲಿ, ಕಾರಣ ಎಂಬಲ್ಲಿ,
ಅಜಾಗರೂಕತೆ ಎಂದು ಬರೆದಿದ್ದಾರೆ, ಚಂದದ ಅಕ್ಷರ.
ನನ್ನ ರಿಜಿಸ್ಟರಿನಲ್ಲಿ ಬೇರೆ ಉಂಟು:
ಎಡ, ಒಂದು, ತಿರುಗಿಸಿದ್ದು. ಪಕ್ಕದಲ್ಲಿ ಅವನ ಸಹಿ,
ಐದೂ ಬೆರಳಿದ್ದಾಗಿನದು.
ಆ ಪುಟ ಇಲ್ಲದಿದ್ದರೆ ಒಳ್ಳೆಯದು ಎಂದರು ಮ್ಯಾನೇಜರು.
ನನಗೂ ಒಳ್ಳೆಯದೇ.
ಎರಡು ದಿನ ರಿಜಿಸ್ಟರನ್ನು ಚೀಲದಲ್ಲಿಟ್ಟುಕೊಂಡು ಮನೆಗೆ ಹೋದೆ.
ಕುಳೂರು ಸೇತುವೆಯಲ್ಲಿ ಬಸ್ಸು ನಿಂತಾಗ
ಕಿಟಕಿಯ ಕೆಳಗೇ ಹೊಳೆ, ಎರಡು ದಿನವೂ.

ಸೋಮವಾರ ಇನ್ಸ್‌ಪೆಕ್ಟರು ಬಂದರು.
ಪುಟದ ಮೇಲೆ ಬೆರಳಿಟ್ಟು, "ತಿರುಗಿಸಿದ್ದು ಅಂದರೇನು?"
ಎಲ್ಲರಿಗೂ ಮಾಡಿನ ಶೀಟಿನಲ್ಲಿ ಎಂತದೋ ಕಂಡಿತು.

ಸ್ಟೂಲು ಹತ್ತಿ ಪೆಟ್ಟಿಗೆಯಿಂದ ಒಂದು ತೆಗೆದೆ.
ಬಂಗುಡೆಯ ಕರುಳು ತೆಗೆಯುವ ಹಾಗೆ
ಒಂದೊಂದೇ ಬೆರಳು ಹೊರಗೆಳೆದು, ಮಗುಚಿ,
ನನ್ನ ಬಲಗೈಗೆ ಹಾಕಿ ಮೇಜಿನ ಮೇಲಿಟ್ಟೆ.
"ಈ ನೂಲು. ಎಳೆದು ನೋಡಿ ಸರ್" ಎಂದೆ.